ಹೆಸರಿನ ಮೂಲ ಹುಡುಕುವುದು ಹೇಗೆ: ಭಾಷೆ ಮೊದಲು, ಅರ್ಥ ಕೊನೆಗೆ

ಹೆಸರಿನ ಅರ್ಥ ಬೇಕು ಅಂದರೆ ಈಗ ಎಲ್ಲರೂ ಮಾಡುವುದು ಒಂದೇ. ಗೂಗಲ್‌ಗೆ ಹಾಕುತ್ತಾರೆ, ಮೊದಲು ಬಂದ ಉತ್ತರ ನಂಬುತ್ತಾರೆ. ಎಡವಟ್ಟಾಗುವುದೇ ಅಲ್ಲಿ. ಕಿರಣ್ ಅನ್ನುವ ಹೆಸರು ತಗೊಳ್ಳಿ. ಸಂಸ್ಕೃತದಲ್ಲಿ ಅದು ಬೆಳಕಿನ ಎಳೆ. ಐರ್ಲೆಂಡಿನಲ್ಲೂ ಹತ್ತಿರದ ಉಚ್ಚಾರದ ಒಂದು ಹೆಸರಿದೆ, ಕೀರನ್. ಅದು ಬಂದಿರುವುದು ಕಪ್ಪು ಎಂಬ ಅರ್ಥದ ಐರಿಶ್ ಪದದಿಂದ. ಕಿವಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಒಂದು ಬೆಳಕು, ಇನ್ನೊಂದು ಕಪ್ಪು. ಯಾವ ಭಾಷೆಯ ಹೆಸರು ಅಂತ ಗೊತ್ತಿಲ್ಲದೆ ಅರ್ಥ ಹೇಳಲು ಹೊರಟರೆ ಹೀಗೇ ಆಗುತ್ತದೆ.

ಅದಕ್ಕೇ ಅರ್ಥವನ್ನು ಕೊನೆಗೆ ನೋಡಿ ಅನ್ನುತ್ತೇನೆ. ಮೊದಲು ಆ ಹೆಸರು ಯಾವ ಭಾಷೆಯದು, ಯಾವ ಕಾಲದ್ದು, ಯಾರು ಕೊಟ್ಟಿದ್ದು ಅಂತ ಪತ್ತೆ ಮಾಡಿ. ಅಪ್ಪ ಅಮ್ಮ ಇಟ್ಟರಾ, ಊರವರು ಕರೆದು ರೂಢಿಯಾಯಿತಾ, ಸರ್ಕಾರ ಬರೆಸಿತಾ? ಇಷ್ಟು ಸಿಕ್ಕರೆ ಅರ್ಥ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಅದು ನಿಜವಾಗಿ ಮನೆತನದ ಹೆಸರೇನಾ?

ಕೊನೆಯಲ್ಲಿರುವ ಪದವೆಲ್ಲ ಸರ್‌ನೇಮ್ ಅಲ್ಲ. ಇದನ್ನು ಮೊದಲೇ ನೋಡಿಕೊಳ್ಳದಿದ್ದರೆ ಮುಂದಿನ ಹುಡುಕಾಟ ಪೂರ್ತಿ ವ್ಯರ್ಥ.

ಸಿ. ವಿ. ರಾಮನ್ ಅವರಿಗೆ 1930ರಲ್ಲಿ ನೊಬೆಲ್ ಬಂತು. ಅವರ ಅಣ್ಣನ ಮಗ ಸುಬ್ರಹ್ಮಣ್ಯನ್ ಚಂದ್ರಶೇಖರ್ ಅವರಿಗೆ 1983ರಲ್ಲಿ ಬಂತು. ಒಂದೇ ಮನೆಯವರು, ಕೊನೆಯ ಹೆಸರು ಮಾತ್ರ ಬೇರೆ ಬೇರೆ. ಯಾಕೆ? ಇಬ್ಬರದೂ ಕೊನೆಯ ಪದ ಅವರವರ ಸ್ವಂತ ಹೆಸರು, ಮುಂದೆ ಇರುವುದು ತಂದೆಯ ಹೆಸರು. ರಾಮನ್ ಅವರ 'ಸಿ' ಅಂದರೆ ಚಂದ್ರಶೇಖರ, ಅವರ ತಂದೆ. ಅಣ್ಣ ಸುಬ್ರಹ್ಮಣ್ಯನ್ ತಮ್ಮ ಮಗನಿಗೆ ಅದೇ ಅಜ್ಜನ ಹೆಸರಿಟ್ಟರು. ಅಜ್ಜನ ಹೆಸರು ಮೊಮ್ಮಗನಿಗೆ ಬರುವುದು ಎಷ್ಟೋ ಸಮಾಜಗಳಲ್ಲಿ ಇದೆ. ಮನೆತನದ ಹೆಸರೇ ಇಲ್ಲದ ಕಡೆ ಒಂದು ವಂಶವನ್ನು ಹಿಂದಕ್ಕೆ ಹಿಡಿದುಕೊಂಡು ಹೋಗಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ.

ಕುವೆಂಪು ಅನ್ನುವ ಮೂರು ಅಕ್ಷರವನ್ನು ಬಿಡಿಸಿ ನೋಡಿ. ಕುಪ್ಪಳಿ ಊರು, ವೆಂಕಟಪ್ಪ ತಂದೆ, ಪುಟ್ಟಪ್ಪ ಸ್ವಂತ ಹೆಸರು. ಊರು, ತಂದೆ, ತಾನು. ಇನಿಷಿಯಲ್ ಹಾಕಿಕೊಳ್ಳುವ ಜನರಲ್ಲಿ ಮೂಲದ ಮಾಹಿತಿಯೆಲ್ಲ ಆ ಒಂದೊಂದು ಅಕ್ಷರದಲ್ಲೇ ಅಡಗಿರುತ್ತದೆ. ಆದ್ದರಿಂದ ಮೊದಲು ಇನಿಷಿಯಲ್ ಬಿಡಿಸಿ.

ಬೇರೆ ಕಡೆಯ ಪದ್ಧತಿಗಳೂ ಗೊತ್ತಿರಲಿ. ಐಸ್‌ಲ್ಯಾಂಡಿನಲ್ಲಿ ಹೆಚ್ಚಿನವರ ಕೊನೆಯ ಹೆಸರು ಅಪ್ಪನ ಹೆಸರಿಗೆ ಮಗ ಅಥವಾ ಮಗಳು ಎಂಬ ಪದ ಸೇರಿಸಿದ್ದು. ಅಣ್ಣ ತಂಗಿಯ ಕೊನೆಯ ಹೆಸರೇ ಬೇರೆ ಬೇರೆ ಇರುತ್ತದೆ, ಹಾಗಾಗಿ ಅಲ್ಲಿ ಫೋನ್ ಡೈರೆಕ್ಟರಿಯನ್ನು ಮೊದಲ ಹೆಸರಿನ ಪ್ರಕಾರ ಜೋಡಿಸುತ್ತಿದ್ದರು. ಮ್ಯಾನ್ಮಾರ್‌ನಲ್ಲಿ ಮನೆತನದ ಹೆಸರಿನ ರೂಢಿ ಇಲ್ಲ. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಊ ಥಾಂಟ್ ಅವರ ಹೆಸರಿನಲ್ಲಿ 'ಊ' ಅನ್ನುವುದು ಗೌರವಕ್ಕೆ ಹಚ್ಚಿದ್ದು. ಅವರ ಹೆಸರು ಥಾಂಟ್, ಅಷ್ಟೇ. ಇಂಡೋನೇಷ್ಯಾದ ಸುಕರ್ನೊ, ಸುಹಾರ್ತೊ ಇಬ್ಬರಿಗೂ ಇದ್ದದ್ದು ಒಂದೇ ಪದದ ಹೆಸರು. ಚೀನಾ, ಕೊರಿಯಾ, ಹಂಗೇರಿಗಳಲ್ಲಿ ಮನೆತನದ ಹೆಸರು ಮೊದಲು ಬರುತ್ತದೆ.

ಹಳೆಯ ರೂಪ ಸಿಗದೆ ಮುಂದೆ ಹೋಗಬೇಡಿ

ಇಡೀ ಹುಡುಕಾಟದಲ್ಲಿ ಜಾಸ್ತಿ ಸಮಯ ಕೊಡಬೇಕಾದದ್ದು ಇದಕ್ಕೇ. ನಿಮ್ಮ ಗುರುತಿನ ಚೀಟಿಯಲ್ಲಿ ಇರುವುದು ಹೆಸರಿನ ಇತ್ತೀಚಿನ ರೂಪ. ಅಜ್ಜನ ಜಮೀನಿನ ಕಾಗದ, ಹಳೆಯ ಶಾಲೆಯ ದಾಖಲಾತಿ ಪುಸ್ತಕ, ಮದುವೆಯ ಪತ್ರಿಕೆ, ಜಾತಕ, ಸಮಾಧಿಯ ಕಲ್ಲು, ಮನೆಯಲ್ಲಿ ಉಳಿದಿರುವ ಪತ್ರಗಳು, ಇವುಗಳಲ್ಲಿ ಹೆಸರು ಹೇಗೆ ಬರೆದಿದೆ ನೋಡಿ. ಪ್ರತಿ ಕಾಗದದ ಫೋಟೋ ತೆಗೆದು, ಇಸವಿ ಬರೆದು, ಅಲ್ಲಿ ಇದ್ದ ಹಾಗೆಯೇ ಅಕ್ಷರಕ್ಕೆ ಅಕ್ಷರ ನಕಲು ಮಾಡಿ. ತಪ್ಪು ಕಾಗುಣಿತ ಕಂಡರೆ ತಿದ್ದಬೇಡಿ. ಎಷ್ಟೋ ಸಲ ಆ 'ತಪ್ಪೇ' ಹಳೆಯ ಉಚ್ಚಾರ ಆಗಿರುತ್ತದೆ.

ಹಳೆಯ ರೂಪ ಯಾಕೆ ಬೇಕು ಅನ್ನುವುದಕ್ಕೆ ಹೆಗಡೆ ಅನ್ನುವ ಹೆಸರು ಒಳ್ಳೆಯ ಸಾಕ್ಷಿ. ಹೆಗಡೆ, ಹೆಗ್ಡೆ, ಹೆಗ್ಗಡೆ ಮೂರೂ ಒಂದೇ ಪದ. ಇವತ್ತಿನ ರೂಪ ನೋಡಿದರೆ ಏನೂ ಹೊಳೆಯುವುದಿಲ್ಲ. ಆದರೆ ಹಳಗನ್ನಡದ ಶಾಸನಗಳಲ್ಲಿ ಇದು 'ಪೆರ್ಗಡೆ' ಅಂತ ಸಿಗುತ್ತದೆ, ಆಡಳಿತ ನೋಡಿಕೊಳ್ಳುವ ದೊಡ್ಡ ಅಧಿಕಾರಿ. ಹಳಗನ್ನಡದಲ್ಲಿ ಪದದ ಮೊದಲಿಗಿದ್ದ 'ಪ' ಮುಂದೆ 'ಹ' ಆಯಿತು. ಪಾಲು ಹಾಲಾಯಿತು, ಪಳ್ಳಿ ಹಳ್ಳಿಯಾಯಿತು, ಪೆರ್ ಅಂದರೆ ದೊಡ್ಡದು, ಅದು 'ಹೆ' ಆಯಿತು, ಹೆಬ್ಬಾಗಿಲು ಹೆದ್ದಾರಿಗಳಲ್ಲಿ ಇರುವುದೂ ಅದೇ. ಇಷ್ಟು ತಿಳಿದ ಮೇಲೆ ಹೆಗಡೆ ಅಂದರೆ ಒಂದು ಹುದ್ದೆಯ ಹೆಸರು ಅಂತ ಸ್ಪಷ್ಟ. ಗೌಡ ಕೂಡ ಹಾಗೇ, ಶಾಸನಗಳಲ್ಲಿ ಗಾವುಂಡ ಅಂತ ಬರುತ್ತದೆ, ಊರ ಮುಖ್ಯಸ್ಥ. ಶೆಟ್ಟಿ ಬಂದದ್ದು ಸಂಸ್ಕೃತದ ಶ್ರೇಷ್ಠಿಯಿಂದ, ವರ್ತಕ.

ಕನ್ನಡದ ಹೆಸರಾದರೆ 1894ರಲ್ಲಿ ಬಂದ ಕಿಟೆಲ್ ನಿಘಂಟು ಮತ್ತು ಎಪಿಗ್ರಾಫಿಯಾ ಕರ್ನಾಟಿಕಾದ ಶಾಸನ ಸಂಪುಟಗಳು ಈ ಕೆಲಸಕ್ಕೆ ತುಂಬ ನೆರವಾಗುತ್ತವೆ. ಬೇರೆ ಭಾಷೆಯದಾದರೆ ಆ ಭಾಷೆಯ ಚಾರಿತ್ರಿಕ ನಿಘಂಟು ನೋಡಿ. ಇವತ್ತಿನ ಕಿಸೆ ನಿಘಂಟು ಸಾಕಾಗುವುದಿಲ್ಲ. ಇಂಗ್ಲೆಂಡಿನ ವಾಕರ್ ಅನ್ನುವ ಸರ್‌ನೇಮನ್ನು ಇವತ್ತಿನ ನಿಘಂಟಿನಲ್ಲಿ ನೋಡಿದರೆ 'ನಡೆಯುವವನು' ಅಂತ ಬರುತ್ತದೆ. ನಿಜವಾಗಿ ಅದು ಒಂದು ಕಸುಬು. ನೇಯ್ದ ಉಣ್ಣೆ ಬಟ್ಟೆಯನ್ನು ನೀರಿನಲ್ಲಿ ತುಳಿದು ತುಳಿದು ಒತ್ತಾಗಿಸುವವನಿಗೆ ವಾಕರ್ ಅನ್ನುತ್ತಿದ್ದರು. ಬೆಲೆ ಎಂಬ ಪದದ ಹಾಗೆ ಕಾಣುವ ಪ್ರೈಸ್, ವೇಲ್ಸ್‌ನ 'ಆಪ್ ರೀಸ್', ಅಂದರೆ ರೀಸ್ ಎಂಬವನ ಮಗ. ಪವೆಲ್ ಕೂಡ 'ಆಪ್ ಹವೆಲ್'.

ಇನ್ನೊಂದು ವಿಷಯ, ಮೂಲ ಲಿಪಿ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕೂಡಲೇ ಎಷ್ಟೋ ಹೆಸರುಗಳ ವ್ಯತ್ಯಾಸ ಅಳಿಸಿಹೋಗುತ್ತದೆ. ಅಮೀರ್ ಮತ್ತು ಆಮಿರ್ ಎರಡನ್ನೂ ಇಂಗ್ಲಿಷಿನಲ್ಲಿ ಒಂದೇ ತರ ಬರೆಯುತ್ತಾರೆ. ಅರಬ್ಬಿಯಲ್ಲಿ ಎರಡೂ ಬೇರೆ ಬೇರೆ ಅಕ್ಷರದಿಂದ ಶುರುವಾಗುತ್ತವೆ. ಮೊದಲನೆಯದು ನಾಯಕ, ಎರಡನೆಯದು ಏಳಿಗೆ, ಸಮೃದ್ಧಿಗೆ ಸಂಬಂಧಿಸಿದ್ದು. ಚೀನಾದ ಸರ್‌ನೇಮ್‌ಗಳಲ್ಲಂತೂ ಒಂದೇ ಇಂಗ್ಲಿಷ್ ಕಾಗುಣಿತದ ಹಿಂದೆ ಹಲವು ಬೇರೆ ಬೇರೆ ಚಿತ್ರಾಕ್ಷರಗಳಿರುತ್ತವೆ. ಮೂಲ ಅಕ್ಷರ ನೋಡದೆ ಅರ್ಥ ಹೇಳುವವರನ್ನು ನಂಬಬೇಡಿ.

ಬಾಲ ಹಿಡಿದರೆ ಭಾಷೆ ಸಿಗುತ್ತದೆ

ಹಳೆಯ ರೂಪ ಕೈಗೆ ಬಂದ ಮೇಲೆ ಹೆಸರನ್ನು ತುಂಡು ಮಾಡಿ. ಮನೆತನದ ಹೆಸರುಗಳ ಕೊನೆಯ ತುಂಡು ಅನೇಕ ಸಲ ಭಾಷೆಯನ್ನು ಹೇಳಿಬಿಡುತ್ತದೆ. ಸ್ಪೇನಿನ ರೋಡ್ರಿಗೆಸ್, ಫರ್ನಾಂಡಿಸ್‌ಗಳ ಬಾಲ, ಡೆನ್ಮಾರ್ಕಿನ ಸೆನ್, ಆರ್ಮೇನಿಯಾದ ಯಾನ್, ಜಾರ್ಜಿಯಾದ ಶ್ವಿಲಿ, ತುರ್ಕಿಯ ಓಗ್ಲು, ಪರ್ಷಿಯನ್‌ನ ಜಾದೆ ಎಲ್ಲವೂ 'ಇಂಥವನ ಮಗ, ಇಂಥವನ ಸಂತತಿ' ಅನ್ನುತ್ತವೆ. ಕೆಲವು ಭಾಷೆಗಳಲ್ಲಿ ಇದೇ ತುಂಡು ಮುಂದೆ ಬರುತ್ತದೆ. ಅರಬ್ಬಿಯ ಬಿನ್, ಸ್ಕಾಟ್ಲೆಂಡ್ ಮತ್ತು ಐರ್ಲೆಂಡಿನ ಮ್ಯಾಕ್ ಹಾಗೆ. ಐರಿಶ್ ಹೆಸರುಗಳ ಮುಂದಿರುವ 'ಓ' ಮಾತ್ರ ಮಗ ಅಲ್ಲ, ಮೊಮ್ಮಗ ಅಥವಾ ವಂಶದವನು.

ಮರಾಠಿಯ 'ಕರ್' ಊರನ್ನು ಹೇಳುತ್ತದೆ. ಮಂಗೇಶ್ಕರ್ ಅಂದರೆ ಗೋವಾದ ಮಂಗೇಶಿ ಊರಿನವರು. ಪೋಲೆಂಡಿನ 'ಸ್ಕಿ' ಕೂಡ ಹಲವು ಸಲ ಊರಿಗೇ ಒಯ್ಯುತ್ತದೆ, ಆದರೆ ಎಲ್ಲ ಸಲ ಅಲ್ಲ. ಕೊವಾಲ್‌ಸ್ಕಿಯಲ್ಲಿ ಅದು ಕಮ್ಮಾರ ಎಂಬ ಅರ್ಥದ ಪದದ ಹಿಂದೆ ಅಂಟಿಕೊಂಡಿದೆ. ಅಂದರೆ ಬಾಲ ದಾರಿ ತೋರಿಸುತ್ತದೆ, ತೀರ್ಪು ಕೊಡುವುದಿಲ್ಲ. ಕನ್ನಡದ ಅಪ್ಪ, ಅಮ್ಮ, ಅಣ್ಣ, ಅಯ್ಯಗಳನ್ನು ತೆಗೆದು ಪಕ್ಕಕ್ಕಿಟ್ಟರೆ ಉಳಿಯುವುದು ಮೂಲ ಹೆಸರು. ಬಸಪ್ಪ, ಬಸಮ್ಮ, ಬಸವಣ್ಣ, ಬಸಯ್ಯ ನಾಲ್ಕರಲ್ಲೂ ಇರುವುದು ಬಸವ, ಮತ್ತು ಬಸವ ಸಂಸ್ಕೃತದ ವೃಷಭದಿಂದ ಬಂದದ್ದು.

ಯಾವ ಗುಂಪಿಗೆ ಸೇರುತ್ತದೆ?

ಜಗತ್ತಿನ ಸರ್‌ನೇಮ್‌ಗಳಲ್ಲಿ ಬಹುಪಾಲು ನಾಲ್ಕು ಗುಂಪಿನೊಳಗೆ ಬರುತ್ತವೆ. ಹಿರಿಯರ ಹೆಸರು, ಊರು ಅಥವಾ ಜಾಗ, ಕಸುಬು ಅಥವಾ ಹುದ್ದೆ, ಮತ್ತೆ ರೂಪ ಗುಣ ನೋಡಿ ಜನ ಕರೆದದ್ದು. ಜಪಾನಿನ ತನಾಕ ಅಂದರೆ ಗದ್ದೆಯ ನಡುವೆ, ಯಾಮಾಮೊತೊ ಅಂದರೆ ಬೆಟ್ಟದ ಬುಡ. ಮೋಕ್ಷಗುಂಡಂ ವಿಶ್ವೇಶ್ವರಯ್ಯ ಅವರ ಮೋಕ್ಷಗುಂಡಂ ಕೂಡ ಒಂದು ಊರು, ಈಗ ಆಂಧ್ರಪ್ರದೇಶದಲ್ಲಿದೆ. ಹೀಗೆ ಊರಿನ ಹೆಸರು ಹೊತ್ತ ಮನೆತನ ಸಾಮಾನ್ಯವಾಗಿ ಆ ಊರನ್ನು ಬಿಟ್ಟು ಬಂದದ್ದಾಗಿರುತ್ತದೆ. ಊರೊಳಗೇ ಇದ್ದವರನ್ನು ಊರಿನ ಹೆಸರು ಹಿಡಿದು ಕರೆದರೆ ಯಾರ ಗುರುತೂ ಸಿಗುವುದಿಲ್ಲ ಅಲ್ವಾ? ಹಾಗಾಗಿ ಊರಿನ ಸರ್‌ನೇಮ್ ಕಂಡರೆ ವಲಸೆಯ ಕಥೆ ಹುಡುಕಿ.

ಕಸುಬಿನ ಹೆಸರುಗಳೆಂದರೆ ನನಗೆ ಬಹಳ ಪ್ರೀತಿ. ಕಮ್ಮಾರನೊಬ್ಬನನ್ನೇ ನೋಡಿ. ಇಂಗ್ಲಿಷಿನ ಸ್ಮಿತ್, ಜರ್ಮನಿಯ ಶ್ಮಿಟ್, ರಷ್ಯಾದ ಕುಜ್ನೆಟ್ಸೊವ್, ಹಂಗೇರಿಯ ಕೊವಾಚ್, ಸ್ಪೇನಿನ ಎರೆರೊ, ಫ್ರಾನ್ಸಿನ ಲೆಫೆವ್ರ್, ಅರಬ್ಬಿಯ ಹದ್ದಾದ್, ಇಟಲಿಯ ಫೆರಾರಿ, ಕನ್ನಡದ ಕಂಬಾರ. ಅಷ್ಟು ದುಬಾರಿ ಕಾರಿನ ಮೇಲೆ ಇರುವುದು ಕಮ್ಮಾರನ ಹೆಸರು. ಕಬ್ಬಿಣದ ಕೆಲಸ ಇಲ್ಲದೆ ನೇಗಿಲೂ ಇಲ್ಲ, ಕುದುರೆಯ ಲಾಳವೂ ಇಲ್ಲ, ಹಾಗಾಗಿ ಪ್ರತಿ ಊರಿಗೂ ಒಬ್ಬ ಬೇಕಿತ್ತು, ಎಷ್ಟೋ ಭಾಷೆಗಳಲ್ಲಿ ಅವನ ಹೆಸರು ಮನೆತನದ ಹೆಸರಾಗಿ ಉಳಿಯಿತು. ಶೂಮಾಕರ್ ಚಪ್ಪಲಿ ಹೊಲಿಯುವವನು, ಥ್ಯಾಚರ್ ಮನೆಗೆ ಹುಲ್ಲು ಹೊದಿಸುವವನು, ಬಡಿಗೇರ ಮರಗೆಲಸದವನು, ಪತ್ತಾರ ಚಿನ್ನದ ಕೆಲಸದವನು, ಕುಲಕರ್ಣಿ ಊರಿನ ಲೆಕ್ಕ ಬರೆಯುವವನು.

ನೆಹರೂ ಅನ್ನುವ ಹೆಸರು ಜಾಗದ ಗುಂಪಿನದು, ಆದರೆ ಗುಂಪು ಗೊತ್ತಾದರೆ ಸಾಲದು. ಜವಾಹರಲಾಲ್ ನೆಹರೂ ತಮ್ಮ ಆತ್ಮಕಥೆಯಲ್ಲಿ ಹೇಳುವ ಪ್ರಕಾರ ಅವರ ಹಿರಿಯರಾದ ರಾಜ್ ಕೌಲ್ ಸುಮಾರು 1716ರಲ್ಲಿ, ಮೊಗಲ್ ದೊರೆ ಫರುಖ್‌ಸಿಯರ್ ಕಾಲದಲ್ಲಿ, ಕಾಶ್ಮೀರದಿಂದ ದೆಹಲಿಗೆ ಬಂದರು. ಸಿಕ್ಕ ಮನೆ ಕಾಲುವೆಯ ದಂಡೆಯ ಮೇಲಿತ್ತು. ಕಾಲುವೆಗೆ 'ನಹರ್' ಅನ್ನುತ್ತಾರೆ. ಕೌಲ್ ಜೊತೆ ನೆಹರೂ ಸೇರಿತು, ಆಮೇಲೆ ಕೌಲ್ ಬಿದ್ದುಹೋಗಿ ನೆಹರೂ ಉಳಿಯಿತು. ಇದರಲ್ಲಿ ಎಷ್ಟು ಸಂಗತಿ ಇದೆ ನೋಡಿ: ವ್ಯಕ್ತಿ, ಕಾಲ, ಜಾಗ, ಹೆಸರು ಬದಲಾದ ಬಗೆ. 'ನೆಹರೂ ಅಂದರೆ ಕಾಲುವೆ' ಅಂತ ಒಂದು ಸಾಲು ಬರೆದು ಬಿಟ್ಟರೆ ಅಷ್ಟೂ ಕಳೆದುಹೋಗುತ್ತದೆ. ನಿಮ್ಮ ಹೆಸರಿಗೂ ಇಷ್ಟು ವಿವರ ಸಿಗುವ ತನಕ ಹುಡುಕಾಟ ಮುಗಿಯಿತು ಅಂದುಕೊಳ್ಳಬೇಡಿ.

ಸರ್ಕಾರ ಕೊಟ್ಟ ಹೆಸರುಗಳು

ಎಷ್ಟೋ ದೇಶಗಳಲ್ಲಿ ಸರ್‌ನೇಮ್ ಇತ್ತೀಚಿನದು, ಅದೂ ಕಾನೂನಿನಿಂದ ಬಂದದ್ದು. ಜಪಾನಿನಲ್ಲಿ 1875ರಲ್ಲಿ ಎಲ್ಲರಿಗೂ ಕಡ್ಡಾಯವಾಯಿತು. ಥಾಯ್ಲೆಂಡಿನಲ್ಲಿ 1913ರಲ್ಲಿ, ತುರ್ಕಿಯಲ್ಲಿ 1934ರಲ್ಲಿ. ಆಗ ತುರ್ಕಿಯ ಅಧ್ಯಕ್ಷರಾಗಿದ್ದ ಮುಸ್ತಫಾ ಕೆಮಾಲ್‌ಗೆ ಅತಾತುರ್ಕ್, ಅಂದರೆ ತುರ್ಕರ ತಂದೆ, ಅನ್ನುವ ಸರ್‌ನೇಮನ್ನು ಅದೇ ವರ್ಷ ಅಲ್ಲಿನ ಸಂಸತ್ತೇ ಕೊಟ್ಟಿತು. ಫಿಲಿಪೀನ್ಸ್‌ನಲ್ಲಿ 1849ರಲ್ಲಿ ಸ್ಪೇನಿನ ಗವರ್ನರ್ ಕ್ಲಾವೆರಿಯಾ ಸರ್‌ನೇಮ್‌ಗಳ ಒಂದು ಪಟ್ಟಿಯನ್ನೇ ಮಾಡಿಸಿ ಊರೂರಿಗೆ ಹಂಚಿಸಿದ. ಹಾಳೆಗಳನ್ನು ಅಕ್ಷರಮಾಲೆಯ ಪ್ರಕಾರ ಹಂಚಿದ್ದರಿಂದ ಕೆಲವು ಊರುಗಳಲ್ಲಿ ಬಹುತೇಕ ಮನೆಗಳ ಸರ್‌ನೇಮ್ ಒಂದೇ ಅಕ್ಷರದಿಂದ ಶುರುವಾಗುತ್ತದೆ. ಅಲ್ಲಿಯ ಒಬ್ಬರ ಸರ್‌ನೇಮ್ ಸ್ಪ್ಯಾನಿಷ್ ಅಂತ ನೋಡಿ, ಹಿರಿಯರು ಸ್ಪೇನಿನವರು ಅಂತ ತೀರ್ಮಾನಿಸಿದರೆ ಪೂರ್ತಿ ತಪ್ಪು.

ಆದ್ದರಿಂದ ನೀವು ಹುಡುಕುತ್ತಿರುವ ಸಮಾಜದಲ್ಲಿ ಸರ್‌ನೇಮ್ ಯಾವಾಗ ಬಂತು ಅಂತ ಮೊದಲು ನೋಡಿ. 1934ರಲ್ಲಿ ಆರಿಸಿಕೊಂಡ ಹೆಸರಿಗೆ ಐದುನೂರು ವರ್ಷದ ಇತಿಹಾಸ ಹುಡುಕಿದರೆ ಸಿಗುವುದಿಲ್ಲ. ಬದಲಿಗೆ ಅವತ್ತು ಆ ಹೆಸರನ್ನು ಯಾಕೆ ಆರಿಸಿದರು ಅಂತ ಕೇಳಿ.

ಇಟ್ಟ ಹೆಸರಿನ ದಾರಿ ಬೇರೆ

ಮಗುವಿಗೆ ಇಡುವ ಹೆಸರು ಸರ್‌ನೇಮ್ ತರ ಅಲ್ಲ, ಅದು ಭಾಷೆಯಿಂದ ಭಾಷೆಗೆ ಓಡಾಡುತ್ತದೆ. ಹೀಬ್ರೂವಿನ ಯೋಹಾನಾನ್, 'ದೇವರು ಕೃಪೆ ತೋರಿದ್ದಾನೆ' ಅನ್ನುವ ಅರ್ಥದ್ದು, ಗ್ರೀಕ್ ಲ್ಯಾಟಿನ್ ದಾಟಿ ಇಂಗ್ಲೆಂಡಿನಲ್ಲಿ ಜಾನ್, ಸ್ಪೇನಿನಲ್ಲಿ ಹುವಾನ್, ರಷ್ಯಾದಲ್ಲಿ ಇವಾನ್, ಜರ್ಮನಿಯಲ್ಲಿ ಹಾನ್ಸ್, ಐರ್ಲೆಂಡಿನಲ್ಲಿ ಶಾನ್ ಆಯಿತು. ಇವಾನ್ ಅನ್ನುವುದಕ್ಕೆ ರಷ್ಯನ್ ನಿಘಂಟಿನಲ್ಲಿ ಅರ್ಥ ಹುಡುಕಿ ಪ್ರಯೋಜನವಿಲ್ಲ. ಹೆಸರು ಹೊರಟ ಜಾಗಕ್ಕೇ ಹೋಗಬೇಕು.

ಕೆಲವು ಹೆಸರುಗಳ ಅರ್ಥ ಕೆಟ್ಟದ್ದಾಗಿ ಕಾಣುತ್ತದೆ, ಇಟ್ಟವರ ಮನಸ್ಸು ಮಾತ್ರ ತುಂಬ ಒಳ್ಳೆಯದಿರುತ್ತದೆ. ಹುಟ್ಟಿದ ಮಕ್ಕಳು ಉಳಿಯದ ಮನೆಗಳಲ್ಲಿ ಕಣ್ಣು ಬೀಳದಿರಲಿ ಅಂತ ಬೇಕೆಂದೇ ಕೀಳಾದ ಹೆಸರಿಡುವುದು ಎಷ್ಟೋ ಕಡೆ ಇತ್ತು. ಮಂಗೋಲಿಯಾದ ನೆರ್ಗುಯಿ ಅಂದರೆ 'ಹೆಸರಿಲ್ಲ'. ತಿಪ್ಪಣ್ಣ, ತಿಪ್ಪಮ್ಮ ಅನ್ನುವ ಹೆಸರುಗಳ ಹಿಂದೆ ತಿಪ್ಪೆ ಇರುವುದೂ ಇದೇ ಕಾರಣಕ್ಕೆ. ಆದರೆ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಭಕ್ತರ ಮನೆಯಲ್ಲಿ ಅದೇ ಹೆಸರು ಸ್ವಾಮಿಯ ನೆನಪಿಗೆ ಇಟ್ಟದ್ದು. ನಿಘಂಟು ಇದನ್ನು ಹೇಳುವುದಿಲ್ಲ. ಮನೆಯವರನ್ನೇ ಕೇಳಬೇಕು.

ಈಗಿನ ಮಕ್ಕಳ ಹೆಸರಿನ ಪಟ್ಟಿಗಳ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಒಂದು ಪಟ್ಟಿಯಲ್ಲಿ ಬಂದ ತಪ್ಪನ್ನು ಉಳಿದವು ನಕಲು ಮಾಡುತ್ತವೆ, ಹತ್ತು ಕಡೆ ಒಂದೇ ಅರ್ಥ ಕಂಡಾಗ ನಾವು ಅದು ನಿಜ ಅಂದುಕೊಳ್ಳುತ್ತೇವೆ. ವನೆಸ್ಸಾ ಅಂದರೆ ಚಿಟ್ಟೆ ಅಂತ ಎಷ್ಟೋ ಪಟ್ಟಿಗಳಲ್ಲಿದೆ. ಆ ಹೆಸರನ್ನು ಕಟ್ಟಿದ್ದು ಇಂಗ್ಲಿಷ್ ಬರಹಗಾರ ಜೊನಾಥನ್ ಸ್ವಿಫ್ಟ್, ತನ್ನ ಒಂದು ಪದ್ಯಕ್ಕಾಗಿ. ತನ್ನ ಗೆಳತಿ ಎಸ್ತರ್ ವಾನ್‌ಹೋಮ್ರಿಯ ಸರ್‌ನೇಮಿನ 'ವಾನ್' ಮತ್ತು ಎಸ್ತರ್‌ನ ಮುದ್ದಿನ ರೂಪ ಸೇರಿಸಿ ಮಾಡಿದ್ದು. ಆ ಪದ್ಯ ಅಚ್ಚಾದದ್ದು 1726ರಲ್ಲಿ. ಫ್ಯಾಬ್ರೀಷಿಯಸ್ ಎಂಬ ವಿಜ್ಞಾನಿ ಒಂದು ಚಿಟ್ಟೆಯ ಕುಲಕ್ಕೆ ಆ ಹೆಸರಿಟ್ಟದ್ದು 1807ರಲ್ಲಿ. ಹುಡುಗಿಯ ಹೆಸರು ಮೊದಲು, ಚಿಟ್ಟೆ ಆಮೇಲೆ. ಇಸವಿ ಎರಡನ್ನು ಪಕ್ಕಪಕ್ಕ ಇಟ್ಟರೆ ಸಾಕು, ತಪ್ಪು ಕಾಣುತ್ತದೆ.

ಸಂಸ್ಕೃತ ಅಂತ ಹೇಳಿದ ಹೆಸರನ್ನು ಸಂಸ್ಕೃತ ನಿಘಂಟಿನಲ್ಲೇ ನೋಡಿ. ಮೋನಿಯರ್ ವಿಲಿಯಮ್ಸ್ ನಿಘಂಟು ಅಂತರ್ಜಾಲದಲ್ಲಿ ಸುಮ್ನೆ ಸಿಗುತ್ತದೆ, ದುಡ್ಡು ಬೇಡ. ಅನಯ ಅಂತ ಹುಡುಕಿದರೆ ಕೆಟ್ಟ ನಡತೆ, ದುರದೃಷ್ಟ ಅಂತ ಬರುತ್ತದೆ, ಪಟ್ಟಿಗಳಲ್ಲಿ ಮಾತ್ರ ಬೇರೆ ಚಂದದ ಅರ್ಥಗಳು. ಹಾಗಂತ ಆ ಹೆಸರಿನ ಮಗು ಇರುವ ಮನೆಯವರು ಗಾಬರಿಯಾಗುವುದು ಬೇಡ. ಅರಬ್ಬಿಯಲ್ಲಿ ಇನಾಯಾ ಅಂದರೆ ಅಕ್ಕರೆಯ ಕಾಳಜಿ, ಹತ್ತಿರದ ಉಚ್ಚಾರದ ಹೆಸರು ಹೀಬ್ರೂವಿನಲ್ಲೂ ಇದೆ. ನೀವು ಯಾವ ಭಾಷೆಯಿಂದ ತಗೊಂಡಿರಿ ಅನ್ನುವುದೇ ಮುಖ್ಯ. ಇನ್ನೂ ಹೆಸರಿಡಬೇಕಾದವರು ಮಾತ್ರ ನಾಮಕರಣಕ್ಕೆ ಮೊದಲೇ ನಿಘಂಟು ತೆಗೆದು ನೋಡಿ.

ಮನೆಯ ಕಥೆಗಳನ್ನು ಹೇಗೆ ತೂಗುವುದು

ಮನೆಯಲ್ಲಿ ಹೇಳುತ್ತಾ ಬಂದ ಕಥೆಯನ್ನು ಬಿಸಾಡಬೇಡಿ, ಹಾಗೇ ನುಂಗಲೂ ಬೇಡಿ. ಅಮೆರಿಕದ ಎಷ್ಟೋ ಮನೆಗಳಲ್ಲಿ 'ಎಲ್ಲಿಸ್ ದ್ವೀಪದಲ್ಲಿ ಹಡಗಿನಿಂದ ಇಳಿದಾಗ ಅಧಿಕಾರಿ ನಮ್ಮ ಸರ್‌ನೇಮ್ ಬದಲಿಸಿಬಿಟ್ಟ' ಅನ್ನುವ ಮಾತಿದೆ. ವಲಸೆ ಬಂದವರನ್ನು ನ್ಯೂಯಾರ್ಕಿನ ಈ ದ್ವೀಪದಲ್ಲಿ ತಪಾಸಣೆ ಮಾಡುತ್ತಿದ್ದರು. ಅಲ್ಲಿನ ಅಧಿಕಾರಿಗಳ ಕೈಯಲ್ಲಿದ್ದದ್ದು ಹಡಗು ಕಂಪನಿಯವರು ಹೊರಟ ಬಂದರಿನಲ್ಲೇ ಬರೆದು ತಂದ ಪಟ್ಟಿ. ಅವರು ಅದನ್ನು ನೋಡಿ ಹೊಂದಿಸುತ್ತಿದ್ದರು, ಹೊಸ ಹೆಸರು ಕೊಡುತ್ತಿರಲಿಲ್ಲ. ಹೆಸರು ಬದಲಿಸಿಕೊಂಡವರು ಬಹುಪಾಲು ಮುಂದೆ ತಾವೇ ಬದಲಿಸಿಕೊಂಡವರು. ಕಥೆಯಲ್ಲಿ ಹೆಸರು ಬದಲಾದದ್ದು ನಿಜ, ಬದಲಾಯಿಸಿದವರು ಬೇರೆ.

ಒಂದೇ ಸರ್‌ನೇಮ್ ಇದ್ದರೆ ಒಂದೇ ರಕ್ತ ಅನ್ನುವುದೂ ಹಾಗೇ. ದಕ್ಷಿಣ ಕೊರಿಯಾದಲ್ಲಿ ಸುಮಾರು ಐದರಲ್ಲಿ ಒಬ್ಬರು ಕಿಮ್. ಅದಕ್ಕೇ ಅವರು ಮೂಲಸ್ಥಳವನ್ನೂ ಸೇರಿಸಿ ಹೇಳುತ್ತಾರೆ. ಗಿಮ್ಹೇ ಕಿಮ್ ಬೇರೆ, ಗ್ಯೊಂಗ್‌ಜು ಕಿಮ್ ಬೇರೆ. ಹಾಗೆಯೇ ನಿಮ್ಮ ಸರ್‌ನೇಮಿನ 'ವಂಶ ಲಾಂಛನ' ಅಂತ ಚೌಕಟ್ಟು ಹಾಕಿ ಮಾರುವವರಿಗೆ ದುಡ್ಡು ಕೊಡಬೇಡಿ. ಇಂಗ್ಲೆಂಡಿನಲ್ಲಿ ಲಾಂಛನ ಕೊಡುತ್ತಿದ್ದದ್ದು ಒಬ್ಬ ವ್ಯಕ್ತಿಗೆ, ಅವನ ಸಂತತಿಗೆ. ಆ ಸರ್‌ನೇಮ್ ಇರುವ ಎಲ್ಲರಿಗೂ ಅಲ್ಲ.

ಹಿರಿಯರನ್ನು ಕೇಳುವಾಗ 'ನಮ್ಮ ಹೆಸರಿನ ಅರ್ಥ ಏನು' ಅಂತ ಕೇಳಬೇಡಿ, ಆಗ ಅವರೂ ಊಹೆ ಮಾಡುತ್ತಾರೆ. ಹೀಗೆ ಕೇಳಿ: ನಿಮ್ಮ ಅಜ್ಜನನ್ನು ಊರವರು ಏನಂತ ಕರೆಯುತ್ತಿದ್ದರು? ಶಾಲೆಗೆ ಸೇರಿಸುವಾಗ ಹೆಸರು ಬರೆಸಿದ್ದು ಯಾರು? ಇದೇ ಹೆಸರಿನವರು ಬೇರೆ ಯಾವ ಊರಲ್ಲಿದ್ದಾರೆ, ಅವರು ನೆಂಟರಾ? ನಮ್ಮ ಮನೆಗೆ ಇನ್ನೊಂದು ಹೆಸರು ಇತ್ತಾ? ಕೊನೆಯ ಪ್ರಶ್ನೆ ಮರೆಯಬೇಡಿ, ಕಾಗದದಲ್ಲಿ ಒಂದು, ಬಾಯಲ್ಲಿ ಇನ್ನೊಂದು ಹೆಸರಿದ್ದ ಮನೆಗಳು ಬಹಳ. ಅವರ ಅನುಮತಿ ಕೇಳಿ ಮಾತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅವರು ಹೆಸರನ್ನು ಉಚ್ಚರಿಸುವ ರೀತಿ ಬರವಣಿಗೆಯಲ್ಲಿ ಸಿಗುವುದಿಲ್ಲ.

ಸಿಕ್ಕಿದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆಯಿರಿ, ಪ್ರತಿ ಸಾಲಿನ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ಕಾಗದದಲ್ಲಿ ಇದೆ, ಮನೆಯವರು ಹೇಳಿದ್ದು, ನನ್ನ ಊಹೆ. ಕಾಗದದ್ದಾದರೆ ಯಾವ ಕಾಗದ, ಯಾವ ಇಸವಿ, ಈಗ ಯಾರ ಹತ್ತಿರ ಇದೆ ಅಂತಲೂ ಬರೆಯಿರಿ. ಹೇಳಿದ್ದಾದರೆ ಹೇಳಿದವರ ಹೆಸರು, ಅವರಿಗೆ ಯಾರು ಹೇಳಿದ್ದು ಅಂತ ಬರೆಯಿರಿ. ಊಹೆ ಇದ್ದರೆ ಇರಲಿ, ಆದರೆ ಪೆನ್ಸಿಲ್‌ನಲ್ಲಿ ಬರೆಯಿರಿ. ಇನ್ನೊಂದು ಕಾಗದ ಸಿಕ್ಕ ದಿನ ಅದನ್ನು ಅಳಿಸಬೇಕಾಗಬಹುದು.